ಪತನದ ನಿಯಮ ಮತ್ತು ಗಾಳಿಯ ತಡೆ: ಒಂದು ಚಾರಿತ್ರಿಕ ಸಮೀಕ್ಷೆ

ಪೀಠಿಕೆ

ಎತ್ತರದಿಂದ ಬಿಟ್ಟ ವಸ್ತುಗಳೆಲ್ಲವೂ, ಅವುಗಳ ತೂಕ ಎಷ್ಟೇ ಇರಲಿ, ಒಂದೇ ವೇಗೋತ್ಕರ್ಷದಿಂದ ಭೂಮಿಯತ್ತ ಬೀಳುತ್ತವೆ ಎಂಬುದು ಭೌತವಿಜ್ಞಾನದ ಮೂಲ ನಿಯಮಗಳಲ್ಲಿ ಒಂದಾಗಿದೆ. ಈ ನಿಯಮವನ್ನು ನಿರೂಪಿಸುವಾಗಲೆಲ್ಲ 'ಗಾಳಿಯ ತಡೆಯನ್ನು ಉಪೇಕ್ಷಿಸಿದಾಗ' ಎಂಬ ಷರತ್ತೊಂದನ್ನು ಪಠ್ಯಪುಸ್ತಕಗಳು ಸೇರಿಸುತ್ತವೆ. ಷರತ್ತು ಚಿಕ್ಕದು. ಆದರೆ ಅದನ್ನು ಆಧಾರಸಹಿತವಾಗಿ ಬರೆಯುವ ಅಧಿಕಾರವನ್ನು ಪಡೆಯಲು ವಿಜ್ಞಾನಕ್ಕೆ ಎರಡು ಸಾವಿರ ವರ್ಷಗಳು ಬೇಕಾದವು. ಉಪೇಕ್ಷಿಸಿದ ಅಂಶದ ಲೆಕ್ಕವನ್ನು ತೀರಿಸಲು ಮತ್ತೆ ಮೂರು ಶತಮಾನಗಳು ಹಿಡಿದವು.

ಈ ಇತಿಹಾಸವು ಜನಪ್ರಿಯ ನಿರೂಪಣೆಗಳಲ್ಲಿ ಒಂದು ಕಥೆಯಾಗಿ ಸಂಕ್ಷೇಪಗೊಂಡಿದೆ. ಅರಿಸ್ಟಾಟಲ್ ತಪ್ಪು ಹೇಳಿದನು, ಗೆಲಿಲಿಯೊ ಪೀಸಾದ ವಾಲುಗೋಪುರದಿಂದ ಎರಡು ಗುಂಡುಗಳನ್ನು ಬಿಟ್ಟನು, ಎರಡೂ ಒಟ್ಟಿಗೆ ನೆಲ ಮುಟ್ಟಿದವು, ಸತ್ಯ ಸ್ಥಾಪಿತವಾಯಿತು. ಇಂತಹ ನಿರೂಪಣೆಯಿಂದ ಎರಡು ಹಾನಿಗಳಿವೆ. ತೆಂಗಿನಕಾಯಿ ಧೊಪ್ಪನೆ ಬೀಳುವುದನ್ನೂ ಒಣಗಿದ ಎಲೆ ತೇಲುತ್ತ ಇಳಿಯುವುದನ್ನೂ ಕಂಡಿರುವ ವಿದ್ಯಾರ್ಥಿಗೆ ತನ್ನ ಕಣ್ಣು ಸುಳ್ಳು ಹೇಳುತ್ತಿದೆ ಎಂಬ ಭಾವನೆ ಬರುತ್ತದೆ. ಜೊತೆಗೆ, ಗಾಳಿಯ ತಡೆ ಎಂಬುದು ನಿಯಮಕ್ಕೆ ಅಂಟಿದ ಕೊಳೆಯಂತೆ, ಒರೆಸಿಹಾಕಬೇಕಾದುದರಂತೆ ತೋರುತ್ತದೆ. ಪತನದ ನಿಯಮವು ಗಾಳಿಯನ್ನು ಮರೆತದ್ದರಿಂದ ಸಿದ್ಧಿಸಲಿಲ್ಲ, ಗಾಳಿಯ ಪಾಲನ್ನು ಬೇರ್ಪಡಿಸಿ ಅಳೆದದ್ದರಿಂದ ಸಿದ್ಧಿಸಿತು ಎಂಬುದನ್ನು ಮೂಲ ಪ್ರಯೋಗಗಳ ಆಧಾರದಿಂದ ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಅರಿಸ್ಟಾಟಲ್ ಮತ್ತು ಅವನ ವಿಮರ್ಶಕರು

ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲನು ಎರಡು ಮಾತುಗಳನ್ನು ಹೇಳಿದ್ದಾನೆ. ಒಂದೇ ಮಾಧ್ಯಮದಲ್ಲಿ ಬೀಳುವ ವಸ್ತುಗಳ ವೇಗವು ಅವುಗಳ ತೂಕಕ್ಕೆ ಅನುಗುಣವಾಗಿರುತ್ತದೆ ಎಂಬುದು ಮೊದಲನೆಯದು. ಒಂದೇ ವಸ್ತು ಬೇರೆ ಬೇರೆ ಮಾಧ್ಯಮಗಳಲ್ಲಿ ಬೀಳುವಾಗ ಮಾಧ್ಯಮವು ತೆಳುವಾದಷ್ಟೂ ವೇಗ ಹೆಚ್ಚುತ್ತದೆ ಎಂಬುದು ಎರಡನೆಯದು. ಮಾಧ್ಯಮವನ್ನು ಬಿಟ್ಟು ಚಲನೆಯನ್ನು ಯೋಚಿಸಲು ಅವನು ಒಪ್ಪಲಿಲ್ಲ. ನಿರ್ವಾತ ಇರುವುದಾದರೆ ಅಲ್ಲಿ ಭಾರವಾದುದೂ ಹಗುರವಾದುದೂ ಒಂದೇ ವೇಗದಿಂದ ಚಲಿಸಬೇಕಾಗುತ್ತದೆ, ಅದು ಅಸಂಭವ, ಆದ್ದರಿಂದ ನಿರ್ವಾತವೂ ಅಸಂಭವ ಎಂದು ಅವನು 'ಭೌತಶಾಸ್ತ್ರ' ಗ್ರಂಥದ 4ನೆಯ ಭಾಗದಲ್ಲಿ ವಾದಿಸಿದ್ದಾನೆ. ಇಂದು ನಿಯಮವೆನಿಸಿರುವ ವಾಕ್ಯವೇ ಅಲ್ಲಿ ಎದುರಾಳಿಯ ವಾದವನ್ನು ಮುರಿಯುವ ಸಾಧನವಾಗಿ ಬಳಕೆಯಾಗಿರುವುದು ಗಮನಾರ್ಹವಾಗಿದೆ. ಅರಿಸ್ಟಾಟಲನಿಗೆ ಅವಲೋಕನದ ಕೊರತೆ ಇತ್ತೆನ್ನುವುದು ಸರಿಯಲ್ಲ. ನೀರಿನಲ್ಲಿ ಮುಳುಗುವ ಕಲ್ಲು, ಗಾಳಿಯಲ್ಲಿ ಇಳಿಯುವ ಗರಿ ಇವುಗಳ ವಿಷಯದಲ್ಲಿ ಅವನ ಮಾತು ಅನುಭವಕ್ಕೆ ದೂರವಲ್ಲ. ಮಾಧ್ಯಮದ ಪಾಲನ್ನೂ ತೂಕದ ಪಾಲನ್ನೂ ಬೇರ್ಪಡಿಸುವ ಉಪಾಯ ಅವನಲ್ಲಿರಲಿಲ್ಲ.

ಆ ದಿಕ್ಕಿನ ಮೊದಲ ಹೆಜ್ಜೆ ಕ್ರಿ.ಶ. 6ನೆಯ ಶತಮಾನದ ಅಲೆಕ್ಸಾಂಡ್ರಿಯದಲ್ಲಿ ಕಾಣುತ್ತದೆ. ಅರಿಸ್ಟಾಟಲನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಜಾನ್ ಫಿಲೊಪೊನಸ್, ತೂಕದಲ್ಲಿ ಬಹಳ ವ್ಯತ್ಯಾಸವಿರುವ ಎರಡು ವಸ್ತುಗಳನ್ನು ಒಂದೇ ಎತ್ತರದಿಂದ ಬಿಟ್ಟರೆ ಪತನದ ಕಾಲಗಳು ತೂಕಗಳ ಪ್ರಮಾಣವನ್ನು ಅನುಸರಿಸುವುದಿಲ್ಲ, ಅವುಗಳ ಅಂತರ ತೀರ ಅಲ್ಪವಾಗಿರುತ್ತದೆ ಎಂದು ದಾಖಲಿಸಿದನು. 12ನೆಯ ಶತಮಾನದ ಸ್ಪೇನಿನಲ್ಲಿ ಇಬ್ನ್ ಬಾಜ್ಜ ಎಂಬ ತತ್ತ್ವಜ್ಞಾನಿ ಮಾಧ್ಯಮವು ವೇಗವನ್ನು ಭಾಗಿಸುವುದಿಲ್ಲ, ಅದರಿಂದ ಒಂದು ಪಾಲನ್ನು ಕಳೆಯುತ್ತದೆ ಎಂಬ ನಿಲುವನ್ನು ಎತ್ತಿಹಿಡಿದನು. ಭಾಗಾಕಾರವನ್ನು ವ್ಯವಕಲನವಾಗಿ ಬದಲಿಸಿದ ಈ ವಿಚಾರವು ಮುಖ್ಯವಾದುದು. ಏಕೆಂದರೆ ಮಾಧ್ಯಮ ಇಲ್ಲವಾದಾಗಲೂ ವೇಗವು ಅನಂತವಾಗದೆ ಉಳಿಯುತ್ತದೆ. ಇಬ್ನ್ ರುಶ್ದ್‌ನ ವ್ಯಾಖ್ಯಾನದ ಮೂಲಕ ಈ ಚರ್ಚೆ ಯೂರೋಪಿನ ವಿಶ್ವವಿದ್ಯಾಲಯಗಳನ್ನು ತಲುಪಿತು.

ಈ ಸಂದರ್ಭದಲ್ಲಿ ಒಂದು ಪರಿಭಾಷೆಯ ವಿಚಾರವನ್ನು ಪ್ರಸ್ತಾಪಿಸುವುದು ಉಚಿತ. ಕನ್ನಡದ ವಿಜ್ಞಾನ ಬರವಣಿಗೆಯಲ್ಲಿ ರೂಢವಾಗಿರುವ 'ಗುರುತ್ವ' ಎಂಬ ಪದ ವೈಶೇಷಿಕ ದರ್ಶನದ್ದು. ಪೃಥ್ವಿ ಮತ್ತು ಜಲಗಳ ಪತನಕ್ಕೆ ಕಾರಣವಾದ, ಇಂದ್ರಿಯಕ್ಕೆ ಗೋಚರವಾಗದ ಗುಣ ಎಂದು ಪ್ರಶಸ್ತಪಾದನು ಅದನ್ನು ವಿವರಿಸುತ್ತಾನೆ. ಸಂಯೋಗ, ಪ್ರಯತ್ನ, ಸಂಸ್ಕಾರಗಳು ಅದಕ್ಕೆ ವಿರೋಧಿಗಳು. ಪತನದ ಕಾರಣವನ್ನೂ ಅದಕ್ಕೆ ಒದಗುವ ಅಡ್ಡಿಯನ್ನೂ ಪ್ರತ್ಯೇಕವಾಗಿ ಹೆಸರಿಸಿದ ಈ ವಿಶ್ಲೇಷಣೆ ತಾತ್ವಿಕ ಸ್ವರೂಪದ್ದು. ಆಧುನಿಕ ಭೌತವಿಜ್ಞಾನವು ಕನ್ನಡಕ್ಕೆ ಬಂದಾಗ ಪದ ಉಳಿದು ಅರ್ಥ ಹೊಸದಾಯಿತು.

ಗೆಲಿಲಿಯೊ: ಗೋಪುರದ ಕಥೆ ಮತ್ತು ಗ್ರಂಥದ ವಾದ

ಗೋಪುರದ ಪ್ರಯೋಗದ ಕಥೆಗೆ ಮೂಲ ಗೆಲಿಲಿಯೊನ ಶಿಷ್ಯ ವಿನ್ಸೆಂಜೊ ವಿವಿಯಾನಿ 1654ರಲ್ಲಿ ಬರೆದ ಜೀವನ ವೃತ್ತಾಂತ. ಅದು ಅಚ್ಚಾದದ್ದು 1717ರಲ್ಲಿ. ಗೆಲಿಲಿಯೊ ಪೀಸಾದಲ್ಲಿ ಅಧ್ಯಾಪಕನಾಗಿದ್ದದ್ದು 1589ರಿಂದ 1592ರವರೆಗೆ. ಅವನ ಬರಹಗಳಲ್ಲಿ ಎಲ್ಲಿಯೂ ಪೀಸಾದ ಗೋಪುರದಿಂದ ಗುಂಡು ಬಿಟ್ಟ ಪ್ರಸ್ತಾಪವಿಲ್ಲ. ಆ ಕಾಲದ ಅವನ ಅಪ್ರಕಟಿತ ಕೃತಿ 'ಚಲನೆಯ ಕುರಿತು' ಎಂಬುದರಲ್ಲಿ ಎಲ್ಲ ವಸ್ತುಗಳೂ ಸಮವೇಗದಿಂದ ಬೀಳುತ್ತವೆ ಎಂಬ ನಿಲುವೂ ಇಲ್ಲ. ವಸ್ತುವಿನ ಸಾಂದ್ರತೆ ಮತ್ತು ಮಾಧ್ಯಮದ ಸಾಂದ್ರತೆಗಳ ವ್ಯತ್ಯಾಸವೇ ವೇಗವನ್ನು ನಿರ್ಧರಿಸುತ್ತದೆ ಎಂದು ಅವನು ಆಗ ಭಾವಿಸಿದ್ದನು. ದಾಖಲೆಯುಳ್ಳ ಪ್ರಯೋಗವೊಂದು ಅದಕ್ಕೂ ಮೊದಲು ಹಾಲೆಂಡಿನಲ್ಲಿ ನಡೆದಿತ್ತು. ಸೈಮನ್ ಸ್ಟೆವಿನ್ ತನ್ನ ಮಿತ್ರ ಯಾನ್ ಕಾರ್ನೆಟ್ಸ್ ಡಿ ಗ್ರೂಟ್‌ನೊಡನೆ, ಒಂದು ಇನ್ನೊಂದಕ್ಕಿಂತ ಹತ್ತು ಪಟ್ಟು ಭಾರವಾದ ಎರಡು ಸೀಸದ ಗುಂಡುಗಳನ್ನು 30 ಅಡಿ ಎತ್ತರದಿಂದ ಹಲಗೆಯ ಮೇಲೆ ಬೀಳಿಸಿ, ಎರಡರ ಸದ್ದೂ ಒಂದೇ ಸದ್ದಿನಂತೆ ಕೇಳಿಸಿತೆಂದು 1586ರಲ್ಲಿ ಪ್ರಕಟಿಸಿದನು.

ಗೆಲಿಲಿಯೊನ ನಿಜವಾದ ಸಾಧನೆಯನ್ನು 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ 'ಎರಡು ಹೊಸ ವಿಜ್ಞಾನಗಳು' ಗ್ರಂಥದಲ್ಲಿ ಹುಡುಕಬೇಕು. ನೂರು ಮೊಳ ಎತ್ತರದಿಂದ ನೂರು ಪೌಂಡಿನ ಗುಂಡು ನೆಲ ಮುಟ್ಟುವಾಗ ಒಂದು ಪೌಂಡಿನ ಗುಂಡು ಒಂದು ಮೊಳ ಮಾತ್ರ ಇಳಿದಿರಬೇಕೆಂಬುದು ಅರಿಸ್ಟಾಟಲನ ಮತದ ಫಲಿತಾಂಶ. ವಾಸ್ತವದಲ್ಲಿ ದೊಡ್ಡ ಗುಂಡು ಎರಡು ಬೆರಳಗಲದಷ್ಟು ಮಾತ್ರ ಮುಂದಿರುತ್ತದೆ ಎನ್ನುತ್ತಾನೆ ಗೆಲಿಲಿಯೊನ ವಕ್ತಾರನಾದ ಸಾಲ್ವಿಯಾತಿ. ಎರಡೂ ಒಟ್ಟಿಗೆ ಮುಟ್ಟುತ್ತವೆ ಎಂದು ಇಲ್ಲಿ ಹೇಳಿಲ್ಲ. ಎರಡು ಬೆರಳಗಲದ ವ್ಯತ್ಯಾಸವನ್ನು ಅವನು ಬಚ್ಚಿಡದೆ, ಅದು ಎಲ್ಲಿಂದ ಬಂತು ಎಂದು ಕೇಳುತ್ತಾನೆ. ಉತ್ತರವನ್ನು ಮಾಧ್ಯಮಗಳ ಸರಣಿಯಲ್ಲಿ ಹುಡುಕುತ್ತಾನೆ. ಪಾದರಸದಲ್ಲಿ ಚಿನ್ನ ಮುಳುಗುತ್ತದೆ, ಉಳಿದ ಲೋಹಗಳು ತೇಲುತ್ತವೆ. ನೀರಿನಲ್ಲಿ ಲೋಹಗಳು ಮುಳುಗುವ ವೇಗದಲ್ಲಿ ಬಹಳ ವ್ಯತ್ಯಾಸವಿರುತ್ತದೆ. ಗಾಳಿಯಲ್ಲಿ ನೂರು ಮೊಳ ಬಿದ್ದ ಚಿನ್ನದ ಗುಂಡು ತಾಮ್ರದ ಗುಂಡನ್ನು ನಾಲ್ಕು ಬೆರಳಗಲದಷ್ಟೂ ಹಿಂದಿಕ್ಕಲಾರದು. ಮಾಧ್ಯಮ ತೆಳುವಾದಂತೆ ವ್ಯತ್ಯಾಸ ಕುಗ್ಗುತ್ತ ಹೋಗುವುದರಿಂದ, ಮಾಧ್ಯಮವೇ ಇಲ್ಲದಲ್ಲಿ ಅದು ಪೂರ್ಣವಾಗಿ ಅಳಿಯಬೇಕು ಎಂಬ ತೀರ್ಮಾನಕ್ಕೆ ಅವನು ಬರುತ್ತಾನೆ. ನಿರ್ವಾತವನ್ನು ಸೃಷ್ಟಿಸುವ ಸಾಧನ ಅವನ ಕೈಯಲ್ಲಿರಲಿಲ್ಲ. ಅಳೆಯಬಲ್ಲ ಸಂಗತಿಗಳಿಂದ ಅಳೆಯಲಾಗದ ಎಲ್ಲೆಯತ್ತ ಸಾಗುವ ಈ ಕ್ರಮವೇ ಅವನ ವಾದದ ಜೀವಾಳವಾಗಿದೆ.

ಗಾಳಿಯ ತಡೆಯು ವೇಗದೊಡನೆ ಹೆಚ್ಚುತ್ತದೆ, ಸಾಕಷ್ಟು ದೂರ ಬಿದ್ದ ವಸ್ತು ಕೊನೆಗೆ ವೇಗ ಹೆಚ್ಚದ ಸ್ಥಿತಿಯನ್ನು ತಲುಪುತ್ತದೆ ಎಂಬುದನ್ನೂ ಅವನು ಗುರುತಿಸಿದ್ದನು. ಆದರೆ ಆ ತಡೆಗೆ ನಿಖರವಾದ ನಿಯಮವನ್ನು ಕೊಡಲು ಸಾಧ್ಯವಿಲ್ಲವೆಂದು ಭಾವಿಸಿ ಅದನ್ನು ಬದಿಗಿಟ್ಟನು.

ಬದಿಗಿಟ್ಟ ಅಂಶವು ಸುಮ್ಮನೆ ಉಳಿಯಲಿಲ್ಲ. 1641ರಲ್ಲಿ ವಿನ್ಸೆಂಜೊ ರೆನಿಯೆರಿ ಪೀಸಾದ ಗೋಪುರದಿಂದಲೇ ಸೀಸ ಮತ್ತು ಮರದ ಗುಂಡುಗಳನ್ನು ಬಿಟ್ಟು, ಸೀಸದ್ದು ಮೊದಲು ಮುಟ್ಟಿತೆಂದು ವೃದ್ಧ ಗೆಲಿಲಿಯೊನಿಗೆ ಪತ್ರ ಬರೆದನು. ಬೊಲೋನ್ಯದ ಆಸಿನೆಲ್ಲಿ ಗೋಪುರದಿಂದ ಗೋಲಗಳನ್ನು ಬಿಟ್ಟು, ಕಾಲವನ್ನು ಲೋಲಕದಿಂದ ಅಳೆದ ರಿಚೋಲಿ ಎಂಬ ಪಾದ್ರಿಯು ಪತನದ ದೂರ ಕಾಲದ ವರ್ಗಕ್ಕೆ ಅನುಗುಣವಾಗಿದೆ ಎಂಬ ಗೆಲಿಲಿಯೊನ ನಿಯಮವನ್ನು ದೃಢಪಡಿಸಿದನು. ಆದರೆ ಸಮಗಾತ್ರದ ಗೋಲಗಳಲ್ಲಿ ಭಾರವಾದುದು ಸ್ಪಷ್ಟವಾಗಿ ಮೊದಲು ಬರುವುದನ್ನೂ ತನ್ನ 1651ರ ಗ್ರಂಥದಲ್ಲಿ ದಾಖಲಿಸಿದನು. ಇವೆರಡೂ ಪ್ರಾಮಾಣಿಕ ಅಳತೆಗಳು. ಗೋಪುರದಿಂದ ಬಿಟ್ಟ ಗುಂಡುಗಳು ಗೆಲಿಲಿಯೊನ ನಿಯಮವನ್ನು ತಾವಾಗಿಯೇ ಸಾಬೀತುಪಡಿಸುವುದಿಲ್ಲ ಎಂಬುದಕ್ಕೆ ಇವೇ ಸಾಕ್ಷಿ.

ಸೇಂಟ್ ಪಾಲ್ ಕೆಥೆಡ್ರಲ್‌ನ ಪ್ರಯೋಗಗಳು

ನಿರ್ವಾತದ ಸಾಧನ ಒದಗಿದ್ದು 17ನೆಯ ಶತಮಾನದ ಮಧ್ಯಭಾಗದಲ್ಲಿ. ಜರ್ಮನಿಯ ಒಟ್ಟೊ ಫಾನ್ ಗೆರಿಕೆಯ ವಾಯುರೇಚಕವನ್ನು ಅನುಸರಿಸಿ ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ ಮತ್ತು ರಾಬರ್ಟ್ ಹುಕ್ ಉತ್ತಮವಾದ ಯಂತ್ರವನ್ನು ನಿರ್ಮಿಸಿದರು. ಗಾಳಿ ತೆಗೆದ ಪಾತ್ರೆಯಲ್ಲಿ ಗರಿಯೂ ಚಿನ್ನವೂ ಸಮವಾಗಿ ಬೀಳುತ್ತವೆ ಎಂಬುದನ್ನು ನ್ಯೂಟನ್ 1713ರಲ್ಲಿ ಹೊರಬಂದ 'ಪ್ರಿನ್ಸಿಪಿಯ'ದ ಎರಡನೆಯ ಆವೃತ್ತಿಯಲ್ಲಿ ನೆನೆದಿದ್ದಾನೆ. ಇಲ್ಲಿಗೆ ಪತನದ ಪ್ರಶ್ನೆಯ ಅರ್ಧಭಾಗ ಮುಗಿಯಿತು. ಉಳಿದರ್ಧವಾದ ಗಾಳಿಯ ತಡೆಗೆ ನ್ಯೂಟನ್ ಅದೇ ಗ್ರಂಥದ ಎರಡನೆಯ ಸಂಪುಟವನ್ನೇ ಮೀಸಲಿಟ್ಟನು. ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿದೆ ಎಂಬುದನ್ನು ಹಾಲೆಂಡಿನ ಹೈಗೆನ್ಸ್ 1669ರ ಸುಮಾರಿಗೆ ಪ್ರಯೋಗಗಳಿಂದ ಕಂಡುಕೊಂಡಿದ್ದನು. ವೇಗದ ವರ್ಗ, ಮಾಧ್ಯಮದ ಸಾಂದ್ರತೆ, ವಸ್ತುವಿನ ಅಡ್ಡವಿಸ್ತೀರ್ಣ ಇವು ಮೂರರ ಗುಣಲಬ್ಧವಾಗಿ ತಡೆಯನ್ನು ಲೆಕ್ಕಿಸಿ, ಆ ಲೆಕ್ಕವನ್ನು ನಿಜವಾದ ಪತನದೊಡನೆ ಹೋಲಿಸಿದ್ದು ನ್ಯೂಟನ್.

ಇದಕ್ಕಾಗಿ ಆಯ್ಕೆಯಾದದ್ದು ಲಂಡನ್ನಿನಲ್ಲಿ ಆಗತಾನೆ ಕಟ್ಟಿ ಮುಗಿಯುತ್ತಿದ್ದ ಸೇಂಟ್ ಪಾಲ್ ಕೆಥೆಡ್ರಲ್‌ನ ಗುಮ್ಮಟ. 1710ರ ಜೂನ್ ತಿಂಗಳಿನಲ್ಲಿ ಫ್ರಾನ್ಸಿಸ್ ಹಾಕ್ಸ್‌ಬಿ ಅಲ್ಲಿಂದ ಗಾಜಿನ ಗೋಲಗಳನ್ನು ಜೋಡಿಯಾಗಿ ಬಿಟ್ಟನು. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಬರಿಯ ಗಾಳಿ. 220 ಅಡಿಗಳ ಈ ದೂರವನ್ನು ಕ್ರಮಿಸಲು ನಿರ್ವಾತದಲ್ಲಿ ಸುಮಾರು 3.7 ಸೆಕೆಂಡುಗಳು ಸಾಕು. ಪಾದರಸದ ಗೋಲಗಳು ಸುಮಾರು 4 ಸೆಕೆಂಡುಗಳನ್ನೂ ಸುಮಾರು 5 ಅಂಗುಲ ವ್ಯಾಸದ ಟೊಳ್ಳು ಗೋಲಗಳು 8ರಿಂದ 8½ ಸೆಕೆಂಡುಗಳನ್ನೂ ತೆಗೆದುಕೊಂಡವು. ಟೊಳ್ಳು ಗೋಲಗಳು ಆ ಅವಧಿಯಲ್ಲಿ ಇಳಿಯಬೇಕಾದ ದೂರವನ್ನು ನ್ಯೂಟನ್ ಲೆಕ್ಕದಿಂದ ಪಡೆದು, ಅದು ನಿಜವಾದ 220 ಅಡಿಗಳಿಗಿಂತ ಕೆಲವೇ ಅಡಿಗಳಷ್ಟು ಬೇರೆಯಾಗಿರುವುದನ್ನು ತೋರಿಸಿದನು.

1719ರ ಜುಲೈನಲ್ಲಿ ಡೆಸಾಗ್ಯುಲಿಯರ್ಸ್ ಅದೇ ಕೆಥೆಡ್ರಲ್‌ನ ಇನ್ನೂ ಎತ್ತರದ ಭಾಗದಿಂದ, 272 ಅಡಿಗಳಿಂದ, ಪ್ರಯೋಗವನ್ನು ಮುಂದುವರಿಸಿದನು. ಹಗುರವಾದ ಗೋಲಗಳು ಬೇಕಾಗಿದ್ದುದರಿಂದ ಹಂದಿಯ ಮೂತ್ರಕೋಶಗಳನ್ನು ಮರದ ಅಚ್ಚಿನೊಳಗೆ ಊದಿ, ಗೋಲಾಕಾರಕ್ಕೆ ತಂದು ಒಣಗಿಸಲಾಯಿತು. ಜೊತೆಗೆ ಬಿಟ್ಟ ಸೀಸದ ಗುಂಡುಗಳು ಸುಮಾರು 4¼ ಸೆಕೆಂಡುಗಳಲ್ಲಿ ನೆಲ ಮುಟ್ಟಿದವು. ಐದು ಮೂತ್ರಕೋಶಗಳಿಗೆ ಹಿಡಿದ ಕಾಲ ಕ್ರಮವಾಗಿ 19, 17, 18½, 22 ಮತ್ತು 21⅛ ಸೆಕೆಂಡುಗಳು. ಅವು ಕೆಲವೊಮ್ಮೆ ನೇರವಾಗಿ ಇಳಿಯದೆ ಅತ್ತಿತ್ತ ಓಲಾಡಿದವು ಎಂಬುದನ್ನೂ ಮೇಲ್ಮೈಯ ಸುಕ್ಕುಗಳು ಪತನವನ್ನು ನಿಧಾನಗೊಳಿಸಿದವು ಎಂಬುದನ್ನೂ ನ್ಯೂಟನ್ ಬರೆದಿಟ್ಟಿದ್ದಾನೆ.

ಈ ಅಂಕಿಗಳನ್ನು ಅರಿಸ್ಟಾಟಲನ ಮಾತಿನ ಬೆಳಕಿನಲ್ಲಿ ಓದಿದರೆ ಒಂದು ಮುಖ್ಯ ಸಂಗತಿ ಹೊರಬೀಳುತ್ತದೆ. ಹೆಚ್ಚು ಭಾರದ ಮೂತ್ರಕೋಶದ ತೂಕ 156 ಗ್ರೇನ್, ಅಂದರೆ ಸುಮಾರು 10 ಗ್ರಾಂ. ಅದಕ್ಕೆ ಹಿಡಿದದ್ದು 17 ಸೆಕೆಂಡು. ತೀರ ಹಗುರವಾದುದರ ತೂಕ 97½ ಗ್ರೇನ್. ಅದಕ್ಕೆ ಹಿಡಿದದ್ದು 22 ಸೆಕೆಂಡು. ಗಾತ್ರಗಳು ಹೆಚ್ಚುಕಡಿಮೆ ಸಮ. ತೂಕಗಳ ಪ್ರಮಾಣ 1.6. ಅರಿಸ್ಟಾಟಲನ ನಿಯಮದಂತೆ ಕಾಲಗಳ ಪ್ರಮಾಣವೂ 1.6 ಆಗಬೇಕಿತ್ತು, ನಿರ್ವಾತದ ನಿಯಮದಂತೆ 1 ಆಗಬೇಕಿತ್ತು. ದೊರೆತದ್ದು 1.29. ತಡೆಯು ವೇಗದ ವರ್ಗವನ್ನು ಅನುಸರಿಸುವುದಾದರೆ ಪತನದ ಕಾಲವು ತೂಕದ ವರ್ಗಮೂಲಕ್ಕೆ ವಿಲೋಮವಾಗಿರಬೇಕು, 1.6ರ ವರ್ಗಮೂಲ 1.26. ಗಾಳಿಯೇ ಪ್ರಧಾನವಾಗಿರುವ, ಅರಿಸ್ಟಾಟಲನಿಗೆ ಅತ್ಯಂತ ಅನುಕೂಲಕರವಾದ ಸನ್ನಿವೇಶದಲ್ಲಿಯೂ ಅವನ ಪ್ರಮಾಣ ನಿಲ್ಲುವುದಿಲ್ಲ. ಆದರೆ ಭಾರವಾದುದು ಬೇಗ ಬೀಳುತ್ತದೆ ಎಂಬ ಅವನ ಅವಲೋಕನಕ್ಕೆ ಇಲ್ಲಿ ನಿಖರವಾದ ಕಾರಣವೂ ಅಳತೆಯೂ ದೊರೆತವು.

ವರ್ಗ ನಿಯಮದ ಎಲ್ಲೆಗಳು

ನ್ಯೂಟನ್ನನ ವರ್ಗ ನಿಯಮ ಎಲ್ಲ ವೇಗಗಳಿಗೂ ಸಲ್ಲುವುದಿಲ್ಲ ಎಂಬುದು ಶೀಘ್ರದಲ್ಲಿಯೇ ತಿಳಿದುಬಂತು. ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಫಿರಂಗಿ ವಿದ್ಯೆಯ ಗ್ರಂಥದಲ್ಲಿ, ತೂಗುಹಾಕಿದ ಭಾರಕ್ಕೆ ಗುಂಡು ಹೊಡೆದು ಅದರ ಓಲಾಟದಿಂದ ಗುಂಡಿನ ವೇಗವನ್ನು ಅಳೆಯುವ ವಿಧಾನವನ್ನು ವಿವರಿಸಿದನು. ಸೆಕೆಂಡಿಗೆ ಸುಮಾರು 1,700 ಅಡಿ ವೇಗದ ಕೋವಿಯ ಗುಂಡಿನ ಮೇಲೆ ಗಾಳಿಯ ತಡೆಯು ಅದರ ತೂಕದ ನೂರು ಪಟ್ಟಿಗಿಂತ ಹೆಚ್ಚಾಗಿತ್ತು. ಶಬ್ದದ ವೇಗವನ್ನು ಸಮೀಪಿಸುವಾಗ ತಡೆಯು ಥಟ್ಟನೆ ಏರುವುದನ್ನೂ ಅವನು ಗಮನಿಸಿದನು. ಗುಂಡುಗಳ ಪಥವನ್ನು ಪರವಲಯವೆಂದು ಭಾವಿಸಿ ಬರೆದಿದ್ದ ಫಿರಂಗಿ ಕೋಷ್ಟಕಗಳು ಇದರಿಂದ ನಿರುಪಯುಕ್ತವಾದವು. ಗಣಿತಜ್ಞ ಆಯ್ಲರ್ 1745ರಲ್ಲಿ ಈ ಗ್ರಂಥವನ್ನು ವಿಸ್ತಾರವಾದ ಟಿಪ್ಪಣಿಗಳೊಡನೆ ಜರ್ಮನ್ ಭಾಷೆಗೆ ತಂದನು. ರಾಬಿನ್ಸ್ ಅನಂತರ ಈಸ್ಟ್ ಇಂಡಿಯಾ ಕಂಪನಿಯ ಪ್ರಧಾನ ಎಂಜಿನಿಯರನಾಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಸಿದ್ಧಾಂತವಾದರೋ ಇದೇ ಕಾಲದಲ್ಲಿ ವಿಚಿತ್ರವಾದ ಬಿಕ್ಕಟ್ಟಿಗೆ ಸಿಲುಕಿತು. ಒಳಘರ್ಷಣೆ ಇಲ್ಲದ ಆದರ್ಶ ದ್ರವದಲ್ಲಿ ಸಮವೇಗದಿಂದ ಚಲಿಸುವ ವಸ್ತುವಿನ ಮೇಲೆ ತಡೆಯೇ ಇರುವುದಿಲ್ಲ ಎಂಬ ಫಲಿತಾಂಶಕ್ಕೆ ಫ್ರಾನ್ಸಿನ ಡಾಲಂಬರ್ 1752ರಲ್ಲಿ ಪ್ರಕಟವಾದ ಕೃತಿಯಲ್ಲಿ ಬಂದನು. ಗಣಿತ ಸರಿಯಾಗಿತ್ತು, ಪ್ರತಿಯೊಂದು ಪ್ರಯೋಗವೂ ಅದಕ್ಕೆ ವಿರುದ್ಧವಾಗಿತ್ತು. ಗಾಳಿಯನ್ನು ಉಪೇಕ್ಷಿಸುವುದು ಒಂದು ಬಗೆಯಾದರೆ, ಗಾಳಿಯೊಳಗಿನ ಸ್ನಿಗ್ಧತೆಯನ್ನು ಉಪೇಕ್ಷಿಸುವುದು ಮತ್ತೊಂದು ಬಗೆ. ಮೊದಲನೆಯದು ನಿಯಮವನ್ನು ಕೊಟ್ಟಿತು, ಎರಡನೆಯದು ವಿರೋಧಾಭಾಸವನ್ನು.

ಮೋಡದ ಹನಿಯಿಂದ ಸೀಮಾಸ್ತರದವರೆಗೆ

ಸ್ನಿಗ್ಧತೆಯನ್ನು ಗಣಿತಕ್ಕೆ ಒಳಪಡಿಸಿ, ಬಹು ಚಿಕ್ಕ ಗೋಲಗಳ ಪತನವನ್ನು ವಿವರಿಸಿದ್ದು ಜಾರ್ಜ್ ಸ್ಟೋಕ್ಸ್. ಲೋಲಕಗಳ ಚಲನೆಯನ್ನು ಕುರಿತ, 1851ರಲ್ಲಿ ಪ್ರಕಟವಾದ ಅವನ ಲೇಖನದ ಪ್ರಕಾರ ಇಂತಹ ಗೋಲಗಳ ಮೇಲಿನ ತಡೆಯು ವೇಗದ ವರ್ಗಕ್ಕಲ್ಲದೆ ವೇಗಕ್ಕೇ ಅನುಗುಣವಾಗಿರುತ್ತದೆ. ಮೋಡಗಳು ಏಕೆ ಬೀಳುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ ಸ್ಟೋಕ್ಸ್ ಇದರಿಂದಲೇ ಉತ್ತರ ಕೊಟ್ಟನು. ಮಿಲಿಮೀಟರಿನ ಐವತ್ತನೆಯ ಒಂದು ಭಾಗ ವ್ಯಾಸದ ಹನಿಯು ಸೆಕೆಂಡಿಗೆ ಸುಮಾರು 1 ಸೆಂಟಿಮೀಟರಿನಂತೆ ಮಾತ್ರ ಇಳಿಯುತ್ತದೆ. ಮೇಲೇರುವ ಅಲ್ಪ ಗಾಳಿಯೂ ಅದನ್ನು ಎತ್ತಿಹಿಡಿಯಬಲ್ಲದು. 2 ಮಿಲಿಮೀಟರಿನ ಮಳೆಹನಿಯ ಅಂತಿಮ ವೇಗ ಸೆಕೆಂಡಿಗೆ ಸುಮಾರು 6.5 ಮೀಟರ್. ಗಾಳಿ ಇಲ್ಲದಿದ್ದರೆ 1,000 ಮೀಟರ್ ಎತ್ತರದಿಂದ ಬಿದ್ದ ಹನಿ ಸೆಕೆಂಡಿಗೆ 140 ಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತಿತ್ತು. ಪೈರು ಮಳೆಯನ್ನು ತಾಳಿಕೊಳ್ಳುವುದು ಉಪೇಕ್ಷಿತವಾದ ಈ ತಡೆಯಿಂದಲೇ.

1909ರಿಂದ 1913ರವರೆಗೆ ಷಿಕಾಗೊದಲ್ಲಿ ಮಿಲಿಕನ್ ಎಣ್ಣೆಯ ಹನಿಗಳ ಪತನದಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದಾಗ ಆಧಾರವಾದದ್ದು ಸ್ಟೋಕ್ಸನ ಇದೇ ನಿಯಮ. ತೀರ ಸಣ್ಣ ಹನಿಗಳಿಗೆ ಅದು ಪೂರ್ಣವಾಗಿ ಸಲ್ಲದಿದ್ದುದರಿಂದ ಮಿಲಿಕನ್ ಅದನ್ನು ತಿದ್ದಿ ಬಳಸಬೇಕಾಯಿತು. ಅವನು ಪಡೆದ ಮೌಲ್ಯ ಇಂದಿನ ಮೌಲ್ಯಕ್ಕಿಂತ ನೂರಕ್ಕೆ ಸುಮಾರು 0.6ರಷ್ಟು ಕಡಿಮೆ. ಗಾಳಿಯ ಸ್ನಿಗ್ಧತೆಗೆ ಅವನು ಬಳಸಿದ ಅಂಕಿಯಲ್ಲಿದ್ದ ಅಲ್ಪ ದೋಷ ಇದಕ್ಕೆ ಕಾರಣವೆಂದು 1930ರ ದಶಕದಲ್ಲಿ ಗೊತ್ತಾಯಿತು. ಗಾಳಿಯ ಲೆಕ್ಕದ ತಪ್ಪು ಪರಮಾಣುವಿನ ಲೆಕ್ಕವನ್ನು ಮುಟ್ಟಿದ ಉದಾಹರಣೆ ಇದು.

ದೊಡ್ಡ ವಸ್ತುಗಳ ಒಗಟನ್ನು ಬಿಡಿಸಿದ್ದು ಲುಡ್ವಿಗ್ ಪ್ರಾಂಟ್ಲ್. ಸ್ನಿಗ್ಧತೆಯ ಪ್ರಭಾವವು ವಸ್ತುವಿನ ಮೇಲ್ಮೈಗೆ ಅಂಟಿದ ತೆಳುವಾದ ಸೀಮಾಸ್ತರದಲ್ಲಿ ಕೇಂದ್ರೀಕೃತವಾಗಿರುತ್ತದೆ, ಆ ಸ್ತರವು ಮೇಲ್ಮೈಯನ್ನು ಬಿಟ್ಟು ಬೇರ್ಪಟ್ಟಾಗ ಹಿಂದೆ ಸುಳಿಗಳುಂಟಾಗಿ ತಡೆ ಹುಟ್ಟುತ್ತದೆ ಎಂದು ಅವನು 1904ರಲ್ಲಿ ಹೈಡಲ್‌ಬರ್ಗ್‌ನ ಸಮ್ಮೇಳನದಲ್ಲಿ ವಿವರಿಸಿದನು. ತನ್ನ ಹೆಸರಿನ ಗೋಪುರದಿಂದ ಫಲಕಗಳನ್ನು ಬೀಳಿಸಿ ಗಾಳಿಯ ತಡೆಯನ್ನು ಅಳೆದಿದ್ದ ಗುಸ್ತಾವ್ ಐಫೆಲ್, 1912ರಲ್ಲಿ ವಾಯುಸುರಂಗದ ಪ್ರಯೋಗದಲ್ಲಿ ಒಂದು ಅಚ್ಚರಿಯನ್ನು ಕಂಡನು: ನಿರ್ದಿಷ್ಟ ವೇಗವನ್ನು ದಾಟಿದಾಗ ಗೋಲದ ತಡೆಯ ಗುಣಾಂಕ ಥಟ್ಟನೆ ಕುಸಿಯುತ್ತದೆ. ಸೀಮಾಸ್ತರವು ಪ್ರಕ್ಷುಬ್ಧವಾದಾಗ ಮೇಲ್ಮೈಗೆ ಹೆಚ್ಚು ದೂರ ಅಂಟಿಕೊಂಡಿರುತ್ತದೆ ಎಂಬುದು ಕಾರಣವೆಂದು ಪ್ರಾಂಟ್ಲ್ 1914ರಲ್ಲಿ ಗೋಲಕ್ಕೆ ಸಣ್ಣ ತಂತಿಯೊಂದನ್ನು ಸುತ್ತಿ, ತಡೆ ಇಳಿಯುವುದನ್ನು ತೋರಿಸಿ ಸಿದ್ಧಪಡಿಸಿದನು.

ಪ್ರಶಾಂತ ಹರಿವು ಪ್ರಕ್ಷುಬ್ಧವಾಗುವ ಈ ಸಂಕ್ರಮಣದ ಅಧ್ಯಯನದಲ್ಲಿ ಬೆಂಗಳೂರಿಗೂ ಸ್ಥಾನವಿದೆ. ಮೇಲ್ಮೈ ಘರ್ಷಣೆಯನ್ನು ನೇರವಾಗಿ ಅಳೆಯುವ ವಿಧಾನವನ್ನು ಅಮೆರಿಕದಲ್ಲಿ ರೂಪಿಸಿದ್ದ ಸತೀಶ್ ಧವನ್ ಅವರು 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರೂ ಅವರ ಶಿಷ್ಯರಾದ ರೊದ್ದಂ ನರಸಿಂಹ ಅವರೂ ನಡೆಸಿದ ಸೀಮಾಸ್ತರ ಸಂಕ್ರಮಣದ ಸಂಶೋಧನೆ 1958ರಲ್ಲಿ ಪ್ರಕಟವಾಗಿ, ಈ ಕ್ಷೇತ್ರದ ಆಧಾರ ಲೇಖನಗಳಲ್ಲಿ ಒಂದಾಯಿತು.

ಉಪಸಂಹಾರ

1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಅವರು ಚಂದ್ರನ ಮೇಲೆ ನಿಂತು 1.32 ಕಿಲೋಗ್ರಾಂ ತೂಕದ ಸುತ್ತಿಗೆಯನ್ನೂ ಡೇಗೆಯ ಗರಿಯೊಂದನ್ನೂ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೆ ಮುಟ್ಟಿದವು. ಗೋಪುರದ ಕಥೆಯಲ್ಲಿ ಇರಬೇಕಾಗಿದ್ದ ದೃಶ್ಯವನ್ನು ಜಗತ್ತು ಕಂಡದ್ದು ವಾತಾವರಣವಿಲ್ಲದ ಆ ನೆಲದ ಮೇಲೆ. ಇದಕ್ಕಿಂತಲೂ ಸೂಕ್ಷ್ಮವಾದ ಪರೀಕ್ಷೆಯನ್ನು 2016ರಲ್ಲಿ ಹಾರಿಬಿಟ್ಟ ಫ್ರಾನ್ಸಿನ 'ಮೈಕ್ರೊಸ್ಕೋಪ್' ಉಪಗ್ರಹ ನಡೆಸಿತು. ಪ್ಲಾಟಿನಂ ಮತ್ತು ಟೈಟೇನಿಯಂ ಮಿಶ್ರಲೋಹಗಳ ಪತನದಲ್ಲಿ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲಿನಷ್ಟು ನಿಖರತೆಯವರೆಗೂ ವ್ಯತ್ಯಾಸ ಕಾಣಲಿಲ್ಲವೆಂದು ಅದರ 2022ರ ಅಂತಿಮ ಫಲಿತಾಂಶಗಳು ತಿಳಿಸುತ್ತವೆ. ಆದರೆ ಭೂಮಿಯಿಂದ ಸುಮಾರು 710 ಕಿಲೋಮೀಟರ್ ಎತ್ತರದಲ್ಲಿಯೂ ಉಳಿದಿರುವ ವಿರಳ ಗಾಳಿಯ ತಡೆಯನ್ನೂ ಸೂರ್ಯಪ್ರಕಾಶದ ಒತ್ತಡವನ್ನೂ ಸರಿದೂಗಿಸಲು ಆ ಉಪಗ್ರಹ ತನ್ನ ಸಣ್ಣ ನೂಕುಯಂತ್ರಗಳನ್ನು ಎಡೆಬಿಡದೆ ಬಳಸಬೇಕಾಗಿತ್ತು.

ಈ ಸಮೀಕ್ಷೆಯಿಂದ ಸ್ಪಷ್ಟವಾಗುವ ಅಂಶಗಳು ಎರಡು. ಪತನದ ನಿಯಮವನ್ನು ಒಂದೇ ಪ್ರಯೋಗ ಒಂದೇ ದಿನ ಸ್ಥಾಪಿಸಲಿಲ್ಲ. ಫಿಲೊಪೊನಸನ 'ಅಲ್ಪ ಅಂತರ', ಗೆಲಿಲಿಯೊನ 'ಎರಡು ಬೆರಳಗಲ', ಡೆಸಾಗ್ಯುಲಿಯರ್ಸನ '22 ಸೆಕೆಂಡು' ಇವೆಲ್ಲ ಒಂದೇ ಶೇಷದ ಬೇರೆ ಬೇರೆ ಅಳತೆಗಳು. ಆ ಶೇಷವನ್ನು ಬಚ್ಚಿಡದೆ ಬರೆದಿಟ್ಟವರಿಂದಲೇ ನಿಯಮವೂ ಬೆಳೆಯಿತು, ವಾಯುಚಲನ ವಿಜ್ಞಾನವೂ ಹುಟ್ಟಿತು. ಎರಡನೆಯದಾಗಿ, ಉಪೇಕ್ಷೆ ಎಂಬುದು ವಿಜ್ಞಾನದಲ್ಲಿ ಅಳತೆಯ ಅನಂತರ ತೆಗೆದುಕೊಳ್ಳುವ ನಿರ್ಧಾರ. ಸೀಸದ ಗುಂಡಿಗೆ ಅದು ಸಲ್ಲುತ್ತದೆ, ಮಳೆಹನಿಗೆ ಸಲ್ಲುವುದಿಲ್ಲ. ಎಲ್ಲಿ ಸಲ್ಲುತ್ತದೆ, ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಪಠ್ಯಗಳು ನಿಯಮದ ಜೊತೆಯಲ್ಲಿಯೇ ತಿಳಿಸಿದರೆ, ಎಲೆ ತೇಲುತ್ತ ಇಳಿಯುವುದನ್ನು ಕಂಡ ವಿದ್ಯಾರ್ಥಿಯ ಅನುಭವಕ್ಕೆ ಅದೇ ವಿಜ್ಞಾನದೊಳಗೆ ಅದರ ಸ್ಥಾನ ದೊರೆಯುತ್ತದೆ.